ಪಟೇಲರ ರುಮಾಲು, ನನ್ನ ಜೇಬಿನ ಬ್ಯಾಟರಿ

ಜಹೀರಾಬಾದಿನ ನನ್ನ ಅಂಗಡಿಗೆ ಈಗಲೂ ತರುಣರು ಬರುತ್ತಾರೆ. ಅಂಗಡಿ ಮಗಳ ಕೈಗೆ ಹೋಗಿದೆ, ನಾನು ಬಾಗಿಲ ಬಳಿಯ ಕುರ್ಚಿಗೆ ಬಂದಿದ್ದೇನೆ, ಅಷ್ಟೇ ವ್ಯತ್ಯಾಸ. ಸಾಕ್ಷ್ಯಚಿತ್ರ ಮಾಡಬೇಕೆಂದು ಬಂದವರು ಮೊದಲು ಕೇಳುವುದು ಯಾವ ಕ್ಯಾಮೆರಾ ಒಳ್ಳೆಯದು ಎಂದು. ಆಮೇಲೆ, ಯಾವ ಉತ್ಸವಕ್ಕೆ ಕಳಿಸಿದರೆ ಬೇಗ ಹೆಸರು ಬರುತ್ತದೆ ಎಂದು. ಕ್ಯಾಮೆರಾ ಎದುರು ಯಾರನ್ನು ಕೂರಿಸುತ್ತೀರಿ, ಏನು ಹೇಳಿ ಕೂರಿಸುತ್ತೀರಿ ಎಂದು ನಾನು ತಿರುಗಿ ಕೇಳಿದರೆ, ಇವನಿಗೆ ವಯಸ್ಸಾಯಿತು ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಓದದಿದ್ದರೂ ನನಗೇನೂ ನಷ್ಟವಿಲ್ಲ.

ನಾನು ನಿರ್ದೇಶಕನಲ್ಲ. ಆ ಪದವನ್ನು ಕೊರಳಿಗೆ ಕಟ್ಟಿಕೊಂಡು ತಿರುಗಿದವರನ್ನು ಹತ್ತಿರದಿಂದ ನೋಡಿದ ಮೇಲೆ ಆಗುವ ಆಸೆಯೂ ಉಳಿಯಲಿಲ್ಲ. ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುತ್ತಿದ್ದವನು ಒಂದು ಹಳೆಯ ಕ್ಯಾಮೆರಾವನ್ನು ಚೌಕಾಸಿ ಮಾಡಿ ಕೊಂಡು, ಮದುವೆಯ ವೀಡಿಯೊ ಮಾಡುತ್ತ ಬದುಕು ಕಟ್ಟಿಕೊಂಡೆ. ಅಷ್ಟರಲ್ಲಿ ತೆಲಂಗಾಣ ಹೋರಾಟದ ವರ್ಷಗಳು ಬಂದವು. ಇವತ್ತು ಬಂದ್, ನಾಳೆ ರಸ್ತೆ ತಡೆ, ನಾಡಿದ್ದು ಹೆದ್ದಾರಿಯ ನಡುವೆಯೇ ಒಲೆ ಹೂಡಿ ಅಡುಗೆ. ಮದುವೆಯ ದಿಬ್ಬಣಗಳೇ ಅರ್ಧ ದಾರಿಯಲ್ಲಿ ನಿಂತಾಗ ನನ್ನ ವ್ಯಾಪಾರ ಎಲ್ಲಿ ನಡೆಯಬೇಕು? ಆದರೆ ಅದೇ ಬಂದ್ ತೆಗೆಯಲು ಹೈದರಾಬಾದಿನಿಂದ, ದಿಲ್ಲಿಯಿಂದ, ಒಮ್ಮೊಮ್ಮೆ ಸಮುದ್ರದಾಚೆಯಿಂದಲೂ ಜನ ಬಂದರು. ಅವರಿಗೆ ಕನ್ನಡ, ತೆಲುಗು, ದಖನಿ ಮೂರೂ ಬಲ್ಲವನು ಬೇಕಿತ್ತು. ನನಗೆ ಬೈಯುವಷ್ಟು ಮರಾಠಿಯೂ ಬರುತ್ತಿತ್ತು. ಹೀಗೆ ನಾನು ಚಿತ್ರತಂಡಕ್ಕೂ ಹಳ್ಳಿಗೂ ನಡುವಿನ ದಲ್ಲಾಳಿಯಾದೆ. ದಲ್ಲಾಳಿ ಎಂಬ ಪದ ನಿಮಗೆ ಹಿಡಿಸದಿದ್ದರೆ ಬೇರೆ ಹಾಕಿಕೊಳ್ಳಿ. ಕೆಲಸ ಅದೇ.

ಹೋರಾಟ ಹಳೆಯ ನೆಲವನ್ನೂ ಅಗೆಯಿತು. ನಿಜಾಮರ ರಾಜ್ಯ ಮುಳುಗುವ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ನಡೆದ ಸುಲಿಗೆ-ಕೊಲೆಗಳಿಗೆ ಇಲ್ಲಿಯವರು ಹಾವಳಿ ಎನ್ನುತ್ತಾರೆ. ಮೊದಲು ನಿಜಾಮರ ಕಡೆಯ ಬಂದೂಕಿನವರು ಬಂದು ಕೊಂದರು. ಇಂಡಿಯಾದ ಸೈನ್ಯ ಬಂದ ಮೇಲೆ ಸೇಡಿನ ಹೆಸರಿನಲ್ಲಿ ಊರಿನವರೇ ಊರಿನವರನ್ನು ಕೊಂದರು. ಎರಡನೆಯದನ್ನು ಯಾರೂ ಮಾತಾಡುವುದಿಲ್ಲ, ಕೊಂದವರು ಊರಲ್ಲೇ ಉಳಿದು ದೊಡ್ಡವರಾದರಲ್ಲ! ಹೊರಗಿನಿಂದ ಬಂದ ನಿರ್ದೇಶಕರಿಗೆ ಈ ಮುದುಕರ ಮೇಲೆ ಕಣ್ಣು. ಕೊಂದವನನ್ನು ಕ್ಯಾಮೆರಾ ಎದುರು ಕೂರಿಸಿ, ಇದ್ದಕ್ಕಿದ್ದಂತೆ ಪ್ರಶ್ನೆ ಎಸೆದು, ಅವನ ಮುಖ ಒಡೆಯುವುದನ್ನು ತೆಗೆಯಬೇಕು. ಅದು ಅವರ ಪಾಲಿಗೆ ನ್ಯಾಯ. ನನ್ನ ಪಾಲಿಗೆ ಬೇಟೆ. ಬೇಟೆ ತಪ್ಪೆಂದು ಹೇಳುತ್ತಿಲ್ಲ. ಬೇಟೆಯಾಡಿ ಬಂದು ನ್ಯಾಯ ಮಾಡಿದೆ ಎನ್ನಬೇಡಿ ಎನ್ನುತ್ತೇನೆ.

ತಾಂಡೂರಿನ ಪ್ರಕರಣ ಹೇಳದೆ ಮುಂದೆ ಹೋಗುವಂತಿಲ್ಲ. ಹೈದರಾಬಾದಿನಿಂದ ಒಬ್ಬ ಮಹಾಶಯರು ಬಂದಿದ್ದರು. ತಾಂಡೂರಿನ ಹಾಸುಗಲ್ಲಿನ ಕಸುಬಿನ ಬಗ್ಗೆ ಚಿತ್ರ, ಒಬ್ಬ ಹಳೆಯ ಕಲ್ಲಿನ ವ್ಯಾಪಾರಿ ಬೇಕು ಎಂದರು. ಒಬ್ಬನ ಹೆಸರನ್ನು ಅವರೇ ಹೇಳಿದರು. ನಾನು ಮನೆ ಹುಡುಕಿಕೊಟ್ಟೆ. ಮುದುಕ ಹೊಸ ಧೋತರ ಉಟ್ಟು, ಕಲ್ಲಿನ ಅಟ್ಟಿಯ ಮುಂದೆ ಕುಳಿತ. ಎರಡು ಪ್ರಶ್ನೆ ಕಲ್ಲಿನ ಬಗ್ಗೆ. ಮೂರನೆಯದಕ್ಕೆ ಮಹಾಶಯರು ಚೀಲದಿಂದ ಒಂದು ಹಳೆಯ ಫೋಟೊ ತೆಗೆದು ಅವನ ಮೂಗಿನ ಹತ್ತಿರ ಹಿಡಿದರು.

"ಇವರನ್ನು ಮನೆಯಲ್ಲಿ ಕೂಡಿಹಾಕಿ ಬೆಂಕಿ ಹಚ್ಚಿದವನು ನೀನೇ ಅಲ್ಲವೇ?"

ಮುದುಕನ ದವಡೆ ನಡುಗಿತು. "ನಾ ಅಲ್ರಿ ಯಪ್ಪಾ. ಅಂವ ನಮ್ಮ ದೊಡ್ಡಪ್ಪನ ಮಗ. ಅಂವ ಸತ್ತು ಹೋಗ್ಯಾನ್ರಿ."

ನಮ್ಮ ಕಡೆ ಅಜ್ಜನ ಹೆಸರನ್ನು ಪ್ರತಿ ಮಗನ ಮನೆಯಲ್ಲೂ ಇಡುತ್ತಾರೆ. ಒಂದೇ ಬೇಲಿಯೊಳಗೆ ಅದೇ ಹೆಸರಿನ ಅಣ್ಣತಮ್ಮಂದಿರು ಇರುತ್ತಾರೆ. ಯಾವ ಮನೆಯವನು, ಯಾರ ಮಗ ಎಂದು ಕೇಳದೆ ಇಲ್ಲಿ ಯಾರೂ ಕೋಳಿ ಕೂಡ ಕೊಳ್ಳುವುದಿಲ್ಲ. ಮಹಾಶಯರು ಹೆಸರೊಂದನ್ನೇ ಹಿಡಿದು ಬಂದಿದ್ದರು, ಕಾರಣವನ್ನು ನನ್ನಿಂದಲೂ ಮುಚ್ಚಿಟ್ಟಿದ್ದರು. ಮುದುಕನ ಸೊಸೆ ಒಳಗಿನಿಂದ ಬಂದಳು.

"ಕಲ್ಲಿನ ಸುದ್ದಿ ಕೇಳಾಕ ಬಂದವ್ರು ಮುದುಕನ ಜೀವ ತಗೊಂಡು ಹೊಂಟೀರೇನು? ಏಳ್ರಿ ಮ್ಯಾಲ! ಆ ವೈರ್ ಕಿತ್ತಿ ಒಗೀತೀನಿ!"

ಜೀಪಿನಲ್ಲಿ ಕುಳಿತ ಮೇಲೆ ಮಹಾಶಯರು ಕ್ಯಾಮೆರಾದವನ ಬೆನ್ನು ತಟ್ಟಿದರು. "ಆ ನಡುಕ ಸಿಕ್ಕಿತಲ್ಲ?"

"ಸಾಹೇಬ್ರೇ, ಅಂವ ಅವನಲ್ಲ," ಎಂದೆ.

"ಗೊತ್ತಾಯಿತು. ನಡುಕ ನಡುಕವೇ, ಎಲ್ಲಾದರೂ ಉಪಯೋಗಕ್ಕೆ ಬರುತ್ತದೆ."

ಕ್ಯಾಮೆರಾದವನ ಹೆಸರು ಇಮಾಮ್. ತಾಂಡೂರಿನವನೇ, ನನ್ನಂತೆ ಮದುವೆಗಳಿಂದ ಬಂದವನು. ಜೀಪಿನಿಂದ ಇಳಿದ ಮೇಲೆ ಇಷ್ಟೇ ಹೇಳಿದ: "ಭಾಯಿ, ಆ ಮುದುಕ ನಮ್ಮ ಮೊಹಲ್ಲಾದಂವ. ನಾಳಿ ಇದೇ ಓಣ್ಯಾಗ ನಾ ನಡೀಬೇಕು. ಇವರು ನಡೀಬೇಕೇನು?"

ಅಂದಿನಿಂದ ನಾನು ಎರಡು ಷರತ್ತು ಹಾಕಿಕೊಂಡೆ. ಕೂರುವವನಿಗೆ ಏನು ಕೇಳುತ್ತೇವೆಂದು ಮೊದಲೇ ಹೇಳಬೇಕು. ಮಾತಾಡಿದವನಿಗೆ ಅವನ ಮಾತಿನ ಕತ್ತರಿಸದ ಪ್ರತಿ ಸಿಗಬೇಕು. ಒಪ್ಪದವರಿಗೆ ನನ್ನ ಅಂಗಡಿಯ ಚಹಾ ಮಾತ್ರ ಸಿಗುತ್ತಿತ್ತು. ಎಷ್ಟೋ ಜನ ಚಹಾ ಕುಡಿದು ಬೇರೆ ದಲ್ಲಾಳಿ ಹುಡುಕಿಕೊಂಡರು.

ಒಪ್ಪಿದವರಲ್ಲಿ ದಿಲ್ಲಿಯ ಸಾಹೇಬರೊಬ್ಬರು. ಹೆಸರು ಬೇಡ. ಉದ್ದ ಕುರ್ತಾ, ಅದಕ್ಕಿಂತ ಉದ್ದ ಮಾತು. ಅವರ ಹಿಂದಿಯನ್ನು ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಅದರಿಂದ ಅವರು ಇದ್ದುದಕ್ಕಿಂತ ಜಾಣರಂತೆ ಕಂಡರೆ ಕ್ಷಮಿಸಿ. ಮೊದಲ ಷರತ್ತಿಗೆ ಅವರು ಹುಬ್ಬೇರಿಸಿದ್ದರು.

"ಮೊದಲೇ ಹೇಳಿದರೆ ಕೊಲೆಗಾರ ಸುಳ್ಳು ಸಿದ್ಧ ಮಾಡಿಕೊಂಡು ಬರುತ್ತಾನೆ."

"ಆ ಸುಳ್ಳನ್ನ ಅಂವ ಜನ್ಮ ಪೂರಾ ಸಿದ್ಧ ಮಾಡ್ಯಾನ್ರಿ. ಇನ್ನೊಂದು ದಿನ ಕೊಟ್ರ ಏನು ಹೆಚ್ಚಾಗ್ತದ? ಗಾಬರಿಯಿಂದ ನಡುಗೋದು ಕಳ್ಳನೂ ನಡುಗ್ತಾನ, ಸಾಚಾನೂ ನಡುಗ್ತಾನ. ಸಿದ್ಧ ಮಾಡ್ಕೊಂಡ ಸುಳ್ಳಿನ್ಯಾಗ ನೋಡಾಕ ಬಾಳ ಇರ್ತದ."

ಈ ಮಾತನ್ನು ಅವರು ಬರೆದುಕೊಂಡರು. ಮುಂದೆ ಯಾವುದೋ ವೇದಿಕೆಯಲ್ಲಿ ತಮ್ಮದೆಂದು ಹೇಳಿದರಂತೆ.

ಅವರಿಗೆ ಬೇಕಾಗಿದ್ದವರು ನಾರಾಯಣಖೇಡದಾಚೆ, ಕಲ್ಹೇರ್ ಕಡೆಯ ಒಂದು ಹಳ್ಳಿಯ ಬಸವಂತರಾಯ ಪಟೇಲರು. ಹಾವಳಿಯಲ್ಲಿ ಬಂದೂಕಿನವರು ಆ ಊರಿಗೆ ನುಗ್ಗಿ, ಜೋಳ-ಬಂಗಾರ ಬಚ್ಚಿಟ್ಟ ಮನೆಗಳನ್ನೇ ಆರಿಸಿ ದೋಚಿದ್ದರು, ತಡೆದವರನ್ನು ಕೊಂದಿದ್ದರು. ಮನೆಗಳನ್ನು ತೋರಿಸಿದವನು ಊರವನೇ ಇರಬೇಕು. ಸೈನ್ಯ ಬಂದ ಮೇಲೆ, ಆಗ ಹರೆಯದ ಹುಡುಗನಾಗಿದ್ದ ಪಟೇಲ, ಜನ ಕಟ್ಟಿಕೊಂಡು, ತೋರಿಸಿದವನು ಘಾಳೆಪ್ಪ ಎಂದು ಸಾರಿದ. ಘಾಳೆಪ್ಪ ಊರ ಹೊರಗಿನ ಕೇರಿಯ ಆಳು. ಅವನನ್ನೂ ಅವನ ಅಣ್ಣತಮ್ಮಂದಿರನ್ನೂ ಚಾವಡಿಯ ಮುಂದೆ, ಊರೆಲ್ಲ ನೋಡುತ್ತಿರುವಾಗ ಹೊಡೆದು ಕೊಂದರು. ಯಾವ ಕೇಸೂ ಆಗಲಿಲ್ಲ. ಪಟೇಲರಿಗೆ ನಿಜಾಮರ ವಿರುದ್ಧದ ಹೋರಾಟಗಾರರೆಂಬ ಮರ್ಯಾದೆ ಬಂತು. ನಾನು ಹೇಳುವ ಕಾಲಕ್ಕೆ ಅವರ ಮೊಮ್ಮಗ ರಾಜಶೇಖರ ನಾರಾಯಣಖೇಡದ ತೆಲಂಗಾಣ ಹೋರಾಟದ ಟೆಂಟಿನಲ್ಲಿ ಮುಂದಾಳು. ಅಜ್ಜನಿಗೆ ಶಾಲು ಹೊದಿಸಿ ಫೋಟೊ ತೆಗೆಸುವುದು ಅವನ ರಾಜಕೀಯದ ಬಂಡವಾಳ.

ಘಾಳೆಪ್ಪನ ಮಗಳು ಕಾಶೀಬಾಯಿ ನನಗೆ ಮೊದಲಿನಿಂದ ಗೊತ್ತು. ತಂದೆ ಸತ್ತಾಗ ಆಕೆ ತೀರ ಚಿಕ್ಕವಳು. ತಾಯಿ ಆಕೆಯನ್ನು ಎತ್ತಿಕೊಂಡು ರಾಯಿಕೋಡಿಗೆ ಬಂದು ಕೂಲಿ ಮಾಡಿ ಬೆಳೆಸಿದಳು. ಮುಂದೆ ಮನೆಮಂದಿ ಬೌದ್ಧರಾದರು, ಮಗ ನೌಕರಿ ಹಿಡಿದ. ಮೊಮ್ಮಗಳ ಮದುವೆಯ ವೀಡಿಯೊ ಮಾಡಿದವನು ನಾನೇ. ಆ ಇಡೀ ಮದುವೆಯಲ್ಲಿ ಕ್ಯಾಮೆರಾ ತನ್ನ ಕಡೆ ತಿರುಗಿದಾಗಲೆಲ್ಲ ಆಕೆ ಸೆರಗು ಮುಖದ ಮೇಲೆ ಎಳೆದುಕೊಂಡಳು. ವಧುವಿನ ತಲೆಯ ಮೇಲೆ ಹೂವು ಹಾಕುವಾಗಲೂ ಕೈ ಮಾತ್ರ ಬಂದಿದೆ, ಮುಖ ಬಂದಿಲ್ಲ. ಅಜ್ಜಿಯಂದಿರ ನಾಚಿಕೆ ಎಂದುಕೊಂಡಿದ್ದೆ. ಕಾರಣವನ್ನು ಆಕೆ ಸಾಹೇಬರ ಕೆಲಸಕ್ಕೆ ಕೇಳಲು ಹೋದಾಗ ಹೇಳಿದಳು.

"ಆ ಊರ ಬೀಗರು ಮದುವಿಗಿ ಬಂದಿದ್ರಪ್ಪಾ. ವೀಡಿಯೊ ನೋಡಿ ಬಟ್ಟ ಮಾಡಿ ತೋರಿಸ್ತಾರ, ಇಕಿ ಮನಿ ತೋರ್ಸಿದವನ ಮಗಳು ಅಂತ. ನನ್ನ ಮಗನಿಗಿ ಹೆಣ್ಣು ಕೇಳಾಕ ಹ್ವಾದಾಗ ಇದೇ ಮಾತು. ಮೊಮ್ಮಗಳಿಗಿ ಗಂಡ ನೋಡುವಾಗ ಇದೇ ಮಾತು. ಹೊಡದು ಕೊಂದ್ರು, ಅದು ಒಂದಿನದ್ದು. ಇದು ದಿನಾ ಅದ."

"ಪಟೇಲ್ರು ಏನನ್ಬೇಕು ಅಂತಿ ಅವ್ವಾ?"

"ಕೊಂದೆ ಅಂತ ಅನ್ನೂದು ಬ್ಯಾಡ, ಅದು ಊರೇ ನೋಡ್ಯಾದ. ಘಾಳೆಪ್ಪ ಮನಿ ತೋರ್ಸಿಲ್ಲ ಅಂತ ಒಂದು ಮಾತು, ಆ ಊರ ಚಾವಡ್ಯಾಗ, ಜನರ ಮುಂದ. ಅದು ಅವನಿಗೇ ಗೊತ್ತದ."

ಸಾಹೇಬರಿಗೆ ಇದನ್ನು ಹೇಳಿದೆ. ಅವರ ಕಣ್ಣು ಹೊಳೆದದ್ದು ಬೇರೆ ಕಾರಣಕ್ಕೆ. ಆಕೆಯನ್ನು ಜೀಪಿನಲ್ಲಿ ಮರೆಮಾಡಿ, ಪಟೇಲ ಮಾತಿನ ಭರದಲ್ಲಿರುವಾಗ ಎದುರಿಗೆ ತಂದು ನಿಲ್ಲಿಸುವುದು ಅವರ ಯೋಜನೆ. ಪಕ್ಕದಲ್ಲೇ ಕುಳಿತಿದ್ದ ಕಾಶೀಬಾಯಿ ಕೇಳಿಸಿಕೊಂಡಳು.

"ನಾ ಏನು ಬುತ್ತಿ ಗಂಟೇನ್ರಿ, ಮುಚ್ಚಿ ಒಯ್ದು ಅಲ್ಲಿ ಬಿಚ್ಚಾಕ?"

ಕೊನೆಗೆ ಆಕೆಯೇ ನಿರ್ಧರಿಸಿದಳು. ಬಹಿರಂಗವಾಗಿ ಬರುತ್ತಾಳೆ, ಚಾವಡಿಯ ಎದುರಿನ ಬೇವಿನ ಕೆಳಗೆ ಕೂರುತ್ತಾಳೆ, ಮುಖ ತೋರಿಸುವುದಿಲ್ಲ.

ಪಟೇಲರಿಗೆ ನಾನೇ ಹೋಗಿ ತಿಳಿಸಿದೆ: ಘಾಳೆಪ್ಪನ ಮಾತೂ ಬರುತ್ತದೆ, ಮಗಳೂ ಬರುತ್ತಾಳೆ. ರಾಜಶೇಖರ ಬೇಡವೆಂದ. ಮುದುಕರು ನಕ್ಕರು. "ಬರ್ಲಿ ಬಿಡು. ಸರ್ಕಾರನೇ ಕೇಳಿಲ್ಲ, ಇವ ಯಾವ ಊರ ತಹಶೀಲ್ದಾರ?" ನಿಮಗೊಂದು ಮಾತು ಹೇಳುತ್ತೇನೆ, ಇಂಥವರು ಹೆದರಿ ಕೂರುವುದಿಲ್ಲ, ಸೊಕ್ಕಿನಿಂದ ಕೂರುತ್ತಾರೆ. ಅದಕ್ಕೇ ಮೋಸ ಮಾಡಿ ಕೂರಿಸುವ ಅಗತ್ಯವಿಲ್ಲ. ಸೊಕ್ಕಿಗೆ ಒಂದು ಒಳ್ಳೆಯ ಕುರ್ಚಿ ಹಾಕಿಕೊಟ್ಟರೆ ಸಾಕು.

ಚಿತ್ರೀಕರಣದ ದಿನ ಚಾವಡಿಯ ತುಂಬ ಜನ. ಕ್ಯಾಮೆರಾದ ಹಿಂದೆ ಇಮಾಮ್, ಈ ಕೆಲಸಕ್ಕೂ ಅವನನ್ನೇ ಕರೆಸಿದ್ದೆ. ಪಟೇಲರು ಬಿಳಿ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತರು. ಹಾವಳಿಯಲ್ಲಿ ತಾವು ಊರು ಕಾಯ್ದ ಕಥೆಯನ್ನು ಹೇಳಿದರು, ಅದರಲ್ಲಿ ಗುಂಡುಗಳೆಲ್ಲ ಅವರ ಕಿವಿಯ ಪಕ್ಕದಲ್ಲೇ ಹಾದುಹೋದವು. ಘಾಳೆಪ್ಪನ ಪ್ರಶ್ನೆ ಬಂದಾಗ ಮಾತು ನಿಧಾನವಾಯಿತು. "ಆಗಿನ ಕಾಲ ಹಂಗಿತ್ತು," ಎಂದರು. ಸಾಹೇಬರು ಮತ್ತೆ ಕೇಳಿದರು. ಪಟೇಲರು ಬೇವಿನ ಕಡೆ ನೋಡಿದರು. ಬಾಯಿ ತೆರೆದರು. ನನಗೆ ಈಗಲೂ ಅನಿಸುತ್ತದೆ, ಏನೋ ಬರುವುದಿತ್ತು.

ಆ ಹೊತ್ತಿಗೆ ಸರಿಯಾಗಿ ನಮ್ಮ ಸಾಹೇಬರು ಕಲೆ ನೆನಪು ಮಾಡಿಕೊಂಡರು. ಬಿಸಿಲು ನೆತ್ತಿಗೆ ಬಂದಿತ್ತು, ರುಮಾಲಿನ ನೆರಳು ಪಟೇಲರ ಕಣ್ಣಿನ ಮೇಲೆ ಬಿದ್ದಿತ್ತು. "ಕಣ್ಣು ಕಾಣುತ್ತಿಲ್ಲ, ಪಗಡಿ ತೆಗೆಯಲು ಹೇಳು," ಎಂದರು ನನಗೆ. "ಬ್ಯಾಡ್ರಿ ಸಾಹೇಬ್ರೇ," ಎನ್ನುವಷ್ಟರಲ್ಲಿ ತಾವೇ ಮುಂದೆ ಹೋಗಿ, ಅದರ ಕಡೆ ಕೈ ಚಾಚಿ, "ಇದನ್ನು ಸ್ವಲ್ಪ ತೆಗೆಯಿರಿ," ಎಂದರು.

ಇಲ್ಲಿಯ ಹಿರಿಯರು ಜನರೆದುರು ರುಮಾಲು ತೆಗೆಯುವುದು ಎರಡೇ ಸಂದರ್ಭಕ್ಕೆ: ಮನೆಯಲ್ಲಿ ಸಾವಾದಾಗ, ಇಲ್ಲವೇ ಪಂಚರ ಮುಂದೆ ತಪ್ಪಿತಸ್ಥನಾಗಿ ನಿಂತಾಗ. ಉರ್ದುವಿನಲ್ಲಿ ಓದಿದ ಪಟೇಲರಿಗೆ ಹಿಂದಿಯ ಪ್ರತಿ ಅಕ್ಷರವೂ ತಿಳಿಯಿತು. ಎದ್ದು ನಿಂತರು.

"ಪಗಡಿ ತೆಗಿ ಅಂತಿ? ನನ್ನ ಮಗ ಸತ್ತಾಗ ತೆಗದೀನಿ. ಇವತ್ತ ಯಾರು ಸತ್ತಾರ ನನ್ನ ಮನ್ಯಾಗ? ಮಾಣಿಕಪ್ಪಾ, ಎಂಥವ್ರನ್ನ ಕರ್ಕೊಂಡು ಬಂದೀ?"

ಹೊರಟೇ ಬಿಟ್ಟರು. ರಾಜಶೇಖರನ ಕಡೆಯವರು ಜೀಪನ್ನು ಸುತ್ತುವರಿದರು. ಆ ಗದ್ದಲದಲ್ಲೂ ಸಾಹೇಬರ ಮುಖದಲ್ಲಿ ಹಬ್ಬ. "ಇಮಾಮ್, ತೆಗೆದೆಯಾ? ಪ್ರಶ್ನೆಗೆ ಉತ್ತರ ಕೊಡಲಾಗದೆ ಎದ್ದು ಓಡಿದ!"

"ಪ್ರಶ್ನೆಗಿ ಓಡಿಲ್ರಿ," ಎಂದೆ. "ಪಗಡಿಗಿ ಓಡ್ಯಾನ."

"ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ."

ನಿಮಗೆ ನೆನಪಿರಲಿ, ಈ ಕಸುಬಿನಲ್ಲಿ ಕೇಳಬಹುದಾದ ಅತಿ ಹೊಲಸು ಮಾತು ಇದೇ. ಕೊಲೆಗಾರನ ಮೇಲೂ ಸುಳ್ಳು ಹೊರಿಸಬಾರದು. ಅವನ ಮೇಲಿನ ದಯೆಯಿಂದಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ಸಾಕು, ಅವನು ಮಾಡಿದ ನಿಜವಾದ ಕೊಲೆಯೂ ಸುಳ್ಳೆಂದು ಅವನ ಮೊಮ್ಮಕ್ಕಳು ಸಾರುತ್ತಾರೆ.

ಬೇವಿನ ಕೆಳಗೆ ಕಾಶೀಬಾಯಿ ಸೆರಗಿನೊಳಗಿಂದಲೇ ಮಾತಾಡಿದಳು. "ಬಾಯಿಗಿ ಬಂದಿತ್ತಲ್ಲೋ ತಮ್ಮಾ. ತಲಿಗಿ ಕೈ ಹಾಕಿ ಕೆಡಿಸಿದ್ರಿ."

ಮರುದಿನ ಬೆಳಿಗ್ಗೆ ನಾನೊಬ್ಬನೇ ಪಟೇಲರ ಪಡಸಾಲೆಗೆ ಹೋದೆ. ಚೌಕಾಸಿ ನನ್ನ ವಿದ್ಯೆ. ಅದರ ಮೊದಲ ಪಾಠ, ಎದುರಿನವನು ಕಳೆದುಕೊಳ್ಳಲು ಹೆದರುವುದು ಏನೆಂದು ತಿಳಿಯಬೇಕು. ಪಟೇಲರಿಗೆ ದೇವರ ಹೆದರಿಕೆ ಇರಲಿಲ್ಲ, ಕಾನೂನಿನದೂ ಇರಲಿಲ್ಲ.

"ನಿನ್ನಿದು ಸಿನಿಮಾದಾಗ ಹ್ಯಾಂಗ ಕಾಣ್ತದ ಗೊತ್ತದೇನ್ರಿ? ಘಾಳೆಪ್ಪನ ಹೆಸರು ಕೇಳ್ದ ಕೂಡ್ಲೆ ಪಟೇಲ್ರು ಓಡಿ ಹ್ವಾದಂಗ ಕಾಣ್ತದ."

"ನಾ ಓಡೀನಾ?"

"ನನಗ ಗೊತ್ತದ. ದಿಲ್ಲ್ಯಾಗ ಯಾರಿಗಿ ಗೊತ್ತದ?"

ಮೂಲೆಯಲ್ಲಿ ಒರಗಿದ್ದ ರಾಜಶೇಖರ ತಟ್ಟನೆ ಎದ್ದು ಕೂತ. "ಕಾಕಾ, ಅದು ತೆಗಸ್ರಿ. ಏನರೆ ಮಾಡ್ರಿ."

"ತೆಗಸಾಕ ಆಗಂಗಿಲ್ಲ. ಅದ್ಕಿಂತ ದೊಡ್ಡದೊಂದು ಊರ ಕಿವಿಗಿ ಬೀಳ್ಬೇಕು. ಅಜ್ಜ ಚಾವಡ್ಯಾಗ ಕುಂತು ಒಂದು ಮಾತು ಅನ್ಲಿ. ಊರಾಗ ಓಡಿದವರು ಅನ್ನಂಗಿಲ್ಲ."

ಪಟೇಲರು ತಮ್ಮ ಬೇಡಿಕೆ ಇಟ್ಟರು: ರುಮಾಲು ತಲೆಯ ಮೇಲೆ ಇರಬೇಕು. ಕ್ಯಾಮೆರಾ ಬಂದ್ ಇರಬೇಕು. ಕೊಲೆ ಎಂಬ ಪದ ಬರಬಾರದು. ನಾನು ನನ್ನದಿಟ್ಟೆ: ಹಾಡುಹಗಲು, ಜನರ ಮುಂದೆ. ಮಾತು ನನಗಲ್ಲ, ಆಕೆಗೆ ಹೇಳಬೇಕು. ಆಕೆ ಅವರ ಸಮಕ್ಕೆ ಕಟ್ಟೆಯ ಮೇಲೆ ಕೂರಬೇಕು.

"ಕಟ್ಟಿ ಮ್ಯಾಲ?" ಮುದುಕರು ಎಲೆ ಉಗುಳಿದರು. "ಆ ಕಟ್ಟಿ ಮ್ಯಾಲ ಅವರಪ್ಪ ಕುಂತಿಲ್ಲ."

"ಅವರಪ್ಪ ಅದರ ಮುಂದೇ ಸತ್ತಾನ್ರಿ."

ಬಹಳ ಹೊತ್ತು ಎಳೆದಾಡಿದೆವು. ಕೊಲೆ ಎಂಬ ಪದವನ್ನು ಬಿಟ್ಟುಕೊಟ್ಟು ಕಟ್ಟೆಯನ್ನು ಗೆದ್ದುಕೊಂಡೆ. ಓದಿದವರು ನನ್ನನ್ನು ಬೈಯಬಹುದು, ಕೊಲೆಗಾರನ ಎದುರು ಕೊಲೆ ಎಂಬ ಮಾತನ್ನೇ ಮಾರಿದ ಎಂದು. ಮಾರಿದೆ. ಕೊಳ್ಳುವವಳು ಕೇಳಿದ್ದು ಅದನ್ನಲ್ಲ. ನಿಮ್ಮ ಆತ್ಮತೃಪ್ತಿಗೆ ಬೇಕಾದ ಪದವನ್ನು ಆಕೆಯ ಲೆಕ್ಕದಲ್ಲಿ ಹಾಕಬೇಡಿ.

ಸಾಹೇಬರಿಗೆ ಷರತ್ತು ಹೇಳಿದಾಗ ಅವರು ಕೂಗಾಡುತ್ತಾರೆಂದು ಕಾದಿದ್ದೆ. "ಸರಿ, ಆಕೆಯ ನೆಮ್ಮದಿ ಮುಖ್ಯ," ಎಂದು ಮುಗುಳ್ನಕ್ಕರು. ಬೇಗ ಒಪ್ಪಿದ ಗಿರಾಕಿಯನ್ನು ನಾನು ಎಂದೂ ನಂಬಿದವನಲ್ಲ. ಅಂದೇ ಮಧ್ಯಾಹ್ನ ಚಾವಡಿಯಲ್ಲಿ ಕ್ಯಾಮೆರಾ ತನ್ನ ಮೂರು ಕಾಲಿನ ಮೇಲೆ ಹಾಗೇ ನಿಂತಿತ್ತು, ಕಣ್ಣು ಕಟ್ಟೆಯ ಕಡೆಗೇ. ಇಮಾಮ್ ದೂರದಲ್ಲಿ ಬೀಡಿ ಸೇದುತ್ತಿದ್ದ. ಹತ್ತಿರ ಹೋಗಿ ನೋಡಿದರೆ, ಚಾಲೂ ಇದೆಯೆಂದು ತೋರಿಸುವ ಕೆಂಪು ದೀಪದ ಮೇಲೆ ಕರಿಯ ಅಂಟುಪಟ್ಟಿ, ಒಳಗೆ ಅದು ಓಡುತ್ತಲೇ ಇತ್ತು. ಈ ಯುಕ್ತಿ ನನಗೆ ಹೊಸದಲ್ಲ. ಬೀಗರ ಜಗಳ ಬಿದ್ದಾಗ ಮದುವೆಯ ಕ್ಯಾಮೆರಾದವರು ಮಾಡುವ ಹಳೆಯ ಕಸರತ್ತು. ದಿಲ್ಲಿಯ ತನಕ ಹೋಗಿ ಬಂದಿತ್ತು, ಅಷ್ಟೇ.

ಕ್ಯಾಮೆರಾ ಬಂದ್ ಇರುತ್ತದೆಂದು ಪಟೇಲರಿಗೆ ಮಾತು ಕೊಟ್ಟವನು ನಾನು. ಪಟೇಲ ಕೊಲೆಗಾರ, ನಿಜ. ಕೊಲೆಗಾರನಿಗೆ ಕೊಟ್ಟ ಮಾತನ್ನು ಮುರಿಯಬಹುದು ಎನ್ನುವವರಿಗೆ ನನ್ನದೊಂದೇ ಉತ್ತರ: ನನ್ನ ಅಂಗಡಿಯಲ್ಲಿ ಇದ್ದ ಸರಕು ಮಾತೊಂದೇ. ಯಾರಿಗೆ ಅಳೆದರೂ ಅದೇ ಅಳತೆ. ಬೆನ್ನು ಅಡ್ಡ ಕೊಟ್ಟು ನಿಂತು ಬ್ಯಾಟರಿ ಬಿಚ್ಚಿದೆ, ಜುಬ್ಬಾದ ಜೇಬಿಗೆ ಹಾಕಿಕೊಂಡೆ. ಈಗಿನ ಫೋನುಗಳಲ್ಲಿ ಬ್ಯಾಟರಿ ಕಳಚಲು ಬರುವುದಿಲ್ಲ, ನೆರೆದ ಪ್ರತಿಯೊಬ್ಬನ ಕೈಯಲ್ಲೂ ಒಂದೊಂದು ಕ್ಯಾಮೆರಾ. ಈ ವಿಷಯದಲ್ಲಿ ನಿಮ್ಮ ಕಷ್ಟ ನನ್ನದಕ್ಕಿಂತ ದೊಡ್ಡದು, ಒಪ್ಪುತ್ತೇನೆ.

ಕಾಶೀಬಾಯಿ ಕಟ್ಟೆ ಹತ್ತಿ ಕುಳಿತಳು. ಪಟೇಲರು ಬಂದು ಆಚೆ ತುದಿಗೆ ಕುಳಿತರು. ರೂಢಿಬಲದಿಂದ ಕ್ಯಾಮೆರಾದ ಕಡೆಗೇ ಮುಖ ಮಾಡಿ ಶುರುಮಾಡಿದರು: "ಘಾಳೆಪ್ಪ ಅಂಬೋ ಮನುಷ್ಯ—"

"ಡಬ್ಬಿಗ್ಯಾಕ ಹೇಳ್ತಿ ಪಟೇಲಾ?" ಸೆರಗಿನೊಳಗಿಂದ ದನಿ ಬಂತು. "ನಾ ಇಲ್ಲಿ ಕುಂತೀನಿ."

ಆ ಊರಿನಲ್ಲಿ ಅವರನ್ನು ಏಕವಚನದಲ್ಲಿ ಕರೆದವರು ಬದುಕಿರಲಿಲ್ಲ. ಪಟೇಲರು ತಿರುಗಿದರು.

"ನಿಮ್ಮಪ್ಪ ಮನಿ ತೋರ್ಸಿಲ್ಲ."

ಅಷ್ಟಕ್ಕೇ ಮುಗಿಯಬೇಕಾಗಿತ್ತು, ನಾನು ಕುದುರಿಸಿದ್ದು ಅಷ್ಟೇ. ಆದರೆ ಹಿಂದಿನಿಂದ, ಆ ಹಾವಳಿಯಲ್ಲಿ ಅಣ್ಣನನ್ನು ಕಳೆದುಕೊಂಡಿದ್ದ ಒಬ್ಬ ಮುದುಕ ಕೋಲೂರಿಕೊಂಡು ಕೇಳಿದ: "ಹಂಗಾದ್ರ ತೋರ್ಸಿದವ್ರು ಯಾರು?"

ರಾಜಶೇಖರ "ಸಾಕ್ರಿ, ಸಾಕ್ರಿ," ಎಂದು ಮುಂದೆ ಬಂದ. ಪಟೇಲರು ಕೈಯೆತ್ತಿ ಅವನನ್ನು ತಡೆದರು. ಅದೇ ಕೈ ತಲೆಗೆ ಹೋಯಿತು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಮ್ಮ ಮನ್ಯಾಗಿಂದೇ ಹ್ವಾದ ಮಾತದು. ನಮ್ಮ ಕಣಜ ಉಳೀಲಿ ಅಂತ ನಮ್ಮಪ್ಪನೇ ಉಳಿದ ಮನಿಗಳ ಹೆಸರು ಕೊಟ್ಟ. ಅದು ಹೊರಬೀಳಬಾರ್ದು ಅಂತ ನಾ ಘಾಳೆಪ್ಪನ ಹೆಸರು ತಗೊಂಡೆ."

ಇದನ್ನು ಪಶ್ಚಾತ್ತಾಪ ಎಂದು ಬರೆಯಲು ನನಗೆ ಮನಸ್ಸಿಲ್ಲ. ಬಿಸಿಲಿಗೆ ತಲೆ ಬೆವೆತಿರಬಹುದು, ಸಾಯುವ ಮುಂಚೆ ಭಾರ ಇಳಿಸುವ ಸ್ವಾರ್ಥ ಇರಬಹುದು. ಕೊಂದೆ ಎಂಬುದಕ್ಕೆ ತಪ್ಪಾಯಿತು ಎಂಬ ಅಕ್ಷರ ಆಗಲೂ ಆ ಬಾಯಿಂದ ಬರಲಿಲ್ಲ. ಬೋಳು ತಲೆಯಲ್ಲೇ ಎದ್ದು ಮನೆಗೆ ನಡೆದರು. ಯಾರೂ ದಾರಿ ಬಿಡಲಿಲ್ಲ, ಜನರ ನಡು ನಡುವೆ ನುಸುಳಿಕೊಂಡು ಹೋಗಬೇಕಾಯಿತು. ಮೊಮ್ಮಗ ರುಮಾಲು ಹಿಡಿದು ಹಿಂದೆ ಓಡಿದ.

ಸಾಹೇಬರು ಕ್ಯಾಮೆರಾಕ್ಕೆ ಧಾವಿಸಿದರು. ಗುಂಡಿ ಒತ್ತಿದರು, ಅಂಟುಪಟ್ಟಿ ಕಿತ್ತರು, ಮತ್ತೆ ಒತ್ತಿದರು. ಬ್ಯಾಟರಿಯ ಖಾಲಿ ಗೂಡು ನೋಡಿ, ನನ್ನ ಉಬ್ಬಿದ ಜೇಬಿನ ಕಡೆ ತಿರುಗಿದರು.

"ನನ್ನ ಬದುಕಿನ ದೃಶ್ಯ ಅದು! ಲೋಕ ನೋಡಬೇಕಾದುದನ್ನು ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದೀಯಲ್ಲ!"

"ಬದುಕು ಆಕಿದ್ರಿ. ದೃಶ್ಯ ನಿಮ್ದು."

"ಇತಿಹಾಸಕ್ಕೆ ಸಾಕ್ಷಿ ಬೇಡವೇ?"

ಈ ಪ್ರಶ್ನೆ ಪೊಳ್ಳಲ್ಲ, ಅದನ್ನು ಇಂದಿಗೂ ಜಗಿಯುತ್ತಿದ್ದೇನೆ. ಆದರೆ ಕ್ಯಾಮೆರಾ ಬಂದ್ ಎಂಬ ಮಾತನ್ನು ನಂಬಿದ್ದಕ್ಕೇ ಆ ಮುದುಕ ಬಾಯಿ ಬಿಟ್ಟ, ಚಾಲೂ ಇದೆಯೆಂದು ತಿಳಿದಿದ್ದರೆ ನಿನ್ನೆಯ ಗುಂಡುಗಳ ಕಥೆಯನ್ನೇ ಮುಂದುವರಿಸುತ್ತಿದ್ದ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕಟ್ಟೆಯ ಮೇಲಿಂದ ಕಾಶೀಬಾಯಿ ಕರೆದಳು.

"ಮಾಣಿಕಪ್ಪಾ, ಆ ಸೆಲ್ಲು ಹಾಕು ಅದಕ್ಕ. ಈಗ ತೆಗೀರಿ."

"ಈಗ ತೆಗೆದು ಏನು ಉಪಯೋಗ? ಮುಗಿಯಿತಲ್ಲ," ಎಂದು ಸಾಹೇಬರು ಜೀಪಿನಲ್ಲಿ ಹೋಗಿ ಕುಳಿತರು. ಮುಗಿಯಿತಂತೆ! ಇಮಾಮ್ ಬೀಡಿ ಹೊಸಕಿ ಬಂದು ನನ್ನ ಮುಂದೆ ಕೈ ಒಡ್ಡಿದ. ಬ್ಯಾಟರಿ ಕೊಟ್ಟೆ. ಅವನು ಕ್ಯಾಮೆರಾವನ್ನು ಆಕೆಯ ಕಣ್ಣಿನ ಎತ್ತರಕ್ಕೆ ಏರಿಸಿದ.

"ಹ್ಞೂಂ ಮಾ, ಚಾಲೂ ಅದ."

ಆಕೆ ಸೆರಗನ್ನು ತಲೆಯ ಹಿಂದಕ್ಕೆ ಸರಿಸಿದಳು. ಆ ಮುಖವನ್ನು ನಾನೂ ಅಷ್ಟು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು.

"ನಾ ಕಾಶೀಬಾಯಿ. ಈ ಊರ ಘಾಳೆಪ್ಪನ ಮಗಳು. ನಮ್ಮಪ್ಪನ್ನ ಇದೇ ಕಟ್ಟಿ ಮುಂದ ಹೊಡದು ಕೊಂದ್ರು. ಅಂವ ಯಾರ ಮನೀನೂ ತೋರ್ಸಿಲ್ಲ. ಈಗ ಊರು ಕೇಳ್ಯಾದ." ಇಮಾಮ್ ಕಡೆ ಕೈ ಮಾಡಿ, "ಆತು. ಸಾಕು," ಎಂದಳು. ಕೊಲೆ ಎಂಬ ಪದವನ್ನು ನಾನು ಬಿಟ್ಟುಕೊಟ್ಟಿದ್ದೆನಲ್ಲ, ಆಕೆ ಯಾರನ್ನೂ ಕೇಳದೆ ಅದನ್ನು ತಾನೇ ತೆಗೆದುಕೊಂಡಿದ್ದಳು.

ಚಿತ್ರ ಹೈದರಾಬಾದಿನ ಒಂದು ಸಭಾಂಗಣದಲ್ಲಿ ತೋರಿಸಲ್ಪಟ್ಟಾಗ ನಾನೂ ಹೋಗಿದ್ದೆ. ಪಟೇಲರು ಪ್ರಶ್ನೆಗೆ ಹೆದರಿ ಓಡಿದಂತೆಯೇ ಕತ್ತರಿಸಿದ್ದರು. ಕಾಶೀಬಾಯಿಯ ಮುಖ ಕೊನೆಯಲ್ಲಿ ಬಂತು. ತುಟಿ ಅಲುಗುತ್ತದೆ, ಆದರೆ ಆಕೆ ತಂದೆಯ ಹೆಸರು ಹೇಳುವ ಹೊತ್ತಿಗೆ ಸಾರಂಗಿ ಏಳುತ್ತದೆ, ಅದರ ಮೇಲೆ ಸಾಹೇಬರ ದಪ್ಪ ದನಿ: ದನಿಯೇ ಇಲ್ಲದವರ ಬಗ್ಗೆ ಏನೋ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡಳು. ನನಗೆ ಉಗುಳಲು ಜಾಗ ಸಿಗಲಿಲ್ಲ.

ಆದರೆ ನನ್ನ ಎರಡನೆಯ ಷರತ್ತು ಉಳಿದಿತ್ತು. ಕತ್ತರಿಸದ ಪ್ರತಿಯನ್ನು ಇಮಾಮ್ ತಾನೇ ತಂದುಕೊಟ್ಟ. ಕಾಶೀಬಾಯಿಯನ್ನು ಅಂಗಡಿಗೆ ಕರೆಸಿ ತೋರಿಸಿದೆ. ನೋಡಿ ಮುಗಿಸಿ, "ಸೆರಗು ಸೊಟ್ಟ ಆಗ್ಯಾದ, ಹೇಳಬಾರದೇನು?" ಎಂದು ನನ್ನನ್ನೇ ಗದರಿದಳು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತಳು.

"ನನ್ನ ಮೊಮ್ಮಗಳ ಮದುವಿದು ಅದಲ್ಲ, ಅದರಾಗ ಇದು ಸೇರ್ಸಾಕ ಬರ್ತದೇನು?"

ಬರುತ್ತದೆ ಎಂದೆ. ನಾನು ಕೈಯಾರೆ ಮಾಡಿದ ಜೋಡಣೆ ಅದೊಂದೇ ನೆನಪಿಡುವಂಥದ್ದು. ಆ ಮದುವೆಯ ಡಿಸ್ಕ್ ಹಾಕಿದರೆ ಬೀಗರು ಬರುತ್ತಾರೆ, ವಧು ಬರುತ್ತಾಳೆ, ಒಂದು ಮುದಿ ಕೈ ಬಂದು ವಧುವಿನ ತಲೆಯ ಮೇಲೆ ಹೂವು ಹಾಕುತ್ತದೆ. ಮರುಕ್ಷಣವೇ ಚಾವಡಿಯ ಕಟ್ಟೆ, ಬಿಸಿಲು, ಸೊಟ್ಟಾದ ಸೆರಗು, ಪೂರ್ತಿ ಮುಖ. ನಾ ಕಾಶೀಬಾಯಿ, ಘಾಳೆಪ್ಪನ ಮಗಳು. ಅಲ್ಲಿ ಶಹನಾಯಿಯನ್ನು ನಿಲ್ಲಿಸಿದ್ದೇನೆ.